ಓಡುವ ಗೆರೆ, ಅಲುಗದ ಚೌಕಟ್ಟು

ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ ಒಂದು ವೀಕ್ಷಣಾಲಯವಿದೆ. 1958ರ ಮಾರ್ಚ್‌ನಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರ ಉಪಕರಣ ಅಲ್ಲಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಅಳೆಯತೊಡಗಿತು. ಆಗ ಅದರ ಪ್ರಮಾಣ ದಶಲಕ್ಷಕ್ಕೆ ಸುಮಾರು 315ರಷ್ಟಿತ್ತು. ಈಗ 420ನ್ನು ದಾಟಿದೆ. ಕೀಲಿಂಗ್ 2005ರಲ್ಲಿ ತೀರಿಕೊಂಡರು. ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಅವರ ಮಗ ರಾಲ್ಫ್ ಕೀಲಿಂಗ್ ಆ ಕೆಲಸವನ್ನು ಮುಂದುವರಿಸಿಕೊಂಡು ಬಂದರು. ತಿಂಗಳಿಗೆ ಒಂದು ಸರಾಸರಿಯಂತೆ ಆರೂವರೆ ದಶಕಕ್ಕೂ ಹೆಚ್ಚು ಕಾಲದ ಅಂಕಿಗಳು ಒಂದು ಸಣ್ಣ ಪಠ್ಯಕಡತದಲ್ಲಿವೆ. ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು.

ಈ ಅಂಕಿಗಳ ಗ್ರಾಫನ್ನು ಪಠ್ಯಪುಸ್ತಕಗಳಲ್ಲಿ ಬಹಳ ಜನ ನೋಡಿರುತ್ತಾರೆ. ಎಡದಿಂದ ಬಲಕ್ಕೆ ಏರುವ, ಗರಗಸದ ಹಲ್ಲಿನಂಥ ಅಂಚುಳ್ಳ ಗೆರೆ ಅದು. ಮೇ ತಿಂಗಳಲ್ಲಿ ಗೆರೆ ತುದಿ ಮುಟ್ಟುತ್ತದೆ. ಉತ್ತರ ಗೋಳಾರ್ಧದ ಗಿಡಮರಗಳು ಬೇಸಿಗೆಯಲ್ಲಿ ಚಿಗುರಿ ಬೆಳೆದು ಅನಿಲವನ್ನು ಹೀರಿಕೊಂಡಂತೆ ಸೆಪ್ಟೆಂಬರ್ ಹೊತ್ತಿಗೆ ಕೆಳಗಿಳಿಯುತ್ತದೆ. ಎಲೆ ಉದುರಿ ಕೊಳೆಯತೊಡಗಿದಾಗ ಮತ್ತೆ ಏರುತ್ತದೆ. ಅಚ್ಚಾದ ಗ್ರಾಫಿನಲ್ಲಿ ಇದೆಲ್ಲ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ಅದೇ ಗೆರೆ ತಿಂಗಳು ತಿಂಗಳಾಗಿ ಕಣ್ಣೆದುರಿಗೆ ಬೆಳೆಯುವುದನ್ನು ನೋಡುವುದು ಬೇರೆಯದೇ ಅನುಭವ. ಏರಿತು, ಇಳಿಯಿತು, ಹೋದ ವರ್ಷ ಇಳಿದಷ್ಟು ಈ ಸಲ ಇಳಿಯಲಿಲ್ಲ. ಮುಂದಿನ ವರ್ಷವಾದರೂ ಇಳಿದೀತೆಂದು ಕಣ್ಣು ಕಾಯುತ್ತದೆ. ಆಗಲೂ ಇಳಿಯುವುದಿಲ್ಲ. ಅರ್ಧ ನಿಮಿಷದೊಳಗೆ ಹೀಗೆ ಅರವತ್ತಕ್ಕೂ ಹೆಚ್ಚು ಸಲ ಕಾದು ನಿರಾಶೆಗೊಂಡ ಮೇಲೆ ಆ ಏರಿಕೆ ಮನಸ್ಸಿನಲ್ಲಿ ಕೂರುವ ಬಗೆಯೇ ಬೇರೆ.

ಇಂಥ ಚಲಿಸುವ ಗ್ರಾಫನ್ನು ಕೋಡ್ ಬರೆದು ತಯಾರಿಸಿ, ಯಾವ ಫೋನಿನ ಬ್ರೌಸರ್‌ನಲ್ಲಾದರೂ ತಡೆಯಿಲ್ಲದೆ ಓಡುವ ವಿಡಿಯೊ ಆಗಿ ಹೊರತರುವ ಕಸುಬು ನನಗೆ ಬಹಳ ಪ್ರೀತಿಯದು. ಹೊರಗಿನಿಂದ ನೋಡಿದವರಿಗೆ ಇದು ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸದಂತೆ ಕಾಣುತ್ತದೆ. ಒಳಗೆ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಎದುರಾಗುತ್ತದೆ: ಇಲ್ಲಿ ಏನು ಅಲುಗಬೇಕು, ಏನು ಅಲುಗಬಾರದು?

ಚಲಿಸುವ ಗ್ರಾಫಿನ ಶಕ್ತಿಯನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ ಮುಖ್ಯರು. ದೇಶಗಳನ್ನೆಲ್ಲ ಗುಳ್ಳೆಗಳಾಗಿಸಿ, ತಾಯಿಯೊಬ್ಬಳಿಗೆ ಹುಟ್ಟುವ ಮಕ್ಕಳ ಸಂಖ್ಯೆ ಮತ್ತು ಆಯುಷ್ಯದ ಅಕ್ಷಗಳ ನಡುವೆ ದಶಕಗಳುದ್ದಕ್ಕೂ ಅವನ್ನು ಓಡಿಸಿದ ಅವರ 2006ರ ಟೆಡ್ ಭಾಷಣವನ್ನು ಈಗಲೂ ಜನ ಹುಡುಕಿಕೊಂಡು ನೋಡುತ್ತಾರೆ. ಅವರು 1972ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿದವರು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಆ ಭಾಷಣದ ಹತ್ತು ವರ್ಷಗಳ ನಂತರ, 2016ರ ಮೇ ತಿಂಗಳಲ್ಲಿ, ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಎಡ್ ಹಾಕಿನ್ಸ್ 1850ರಿಂದೀಚಿನ ಭೂಮಿಯ ತಾಪಮಾನವನ್ನು ಹೊರಕ್ಕೆ ಹೊರಕ್ಕೆ ಹರಡುವ ಸುರುಳಿಯಾಗಿ ಚಲಿಸುವಂತೆ ಮಾಡಿದರು. ಅದರ ಒಂದು ರೂಪ ಅದೇ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನ ಉದ್ಘಾಟನಾ ಸಮಾರಂಭದಲ್ಲಿ ಬಂತು. ರೋಸ್ಲಿಂಗ್ ಅವರ ಗುಳ್ಳೆಗಳು ಓಡುವಾಗ ಅಕ್ಷಗಳು ನಿಂತಲ್ಲೇ ಇದ್ದವು. ಹಾಕಿನ್ಸ್ ಅವರ ಸುರುಳಿ ಬೆಳೆಯುವಾಗ 1.5 ಮತ್ತು 2 ಡಿಗ್ರಿಯ ಕೆಂಪು ವೃತ್ತಗಳು ಕದಲಲಿಲ್ಲ. ನೋಡುವವರ ಎದೆಗೆ ತಟ್ಟಿದ್ದು ಆ ಸ್ಥಿರವಾದ ವೃತ್ತದತ್ತ ಗೆರೆ ಸರಿಯುತ್ತಿದ್ದ ಪರಿ.

ಈಗ ಮೌನಾ ಲೋವಾದ ಕಡತಕ್ಕೆ ಬರೋಣ. 1958ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ಲೆಕ್ಕ ಹಾಕಿದರೆ 802 ತಿಂಗಳು. ತಿಂಗಳಿಗೆ ಒಂದು ಫ್ರೇಮ್, ಸೆಕೆಂಡಿಗೆ 30 ಫ್ರೇಮ್ ಎಂದಿಟ್ಟುಕೊಂಡರೆ ಸುಮಾರು 27 ಸೆಕೆಂಡಿನ ಚಿತ್ರ. ಕೊನೆಯ ಫ್ರೇಮನ್ನು ಇನ್ನೂ 90 ಸಲ ಪುನರಾವರ್ತಿಸಿದರೆ ಕಣ್ಣಿಗೆ ಮೂರು ಸೆಕೆಂಡು ಬಿಡುವು ಸಿಗುತ್ತದೆ, ಒಟ್ಟು ಅರ್ಧ ನಿಮಿಷ. ಒಂದು ವರ್ಷವೆಂದರೆ 12 ಫ್ರೇಮ್, ಅಂದರೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಗೆರೆಯ ಏರಿಳಿತವನ್ನು ಕಣ್ಣು ಒಂದು ತಾಳದಂತೆ ಹಿಡಿದುಕೊಳ್ಳಲು ಈ ವೇಗ ಹದವಾಗಿದೆ. ಇದಕ್ಕಿಂತ ಚುರುಕಾದರೆ ಋತುಗಳು ಬರೀ ನಡುಕವಾಗುತ್ತವೆ. ತೀರಾ ನಿಧಾನವಾದರೆ ನೋಡುವವರು ಬೆರಳಾಡಿಸಿ ಮುಂದೆ ಹೋಗುತ್ತಾರೆ.

ಇಲ್ಲಿ ಒಂದು ಆಸೆ ಬಹಳ ಜನರನ್ನು ಕಾಡುತ್ತದೆ. ತಿಂಗಳ ಸರಾಸರಿ 400ನ್ನು ಮೊದಲ ಸಲ ದಾಟಿದ 2014ರ ಏಪ್ರಿಲ್ ಬಂದಾಗ ಚಿತ್ರವನ್ನು ಒಂದಿಷ್ಟು ನಿಧಾನ ಮಾಡೋಣ, ಹಳೆಯ ದಶಕಗಳನ್ನು ಬೇಗ ಓಡಿಸೋಣ ಅಂತ. ನಾನು ಇದನ್ನು ಒಪ್ಪುವುದಿಲ್ಲ. 400 ಎಂಬುದು ನಾವು ಹತ್ತು ಬೆರಳಲ್ಲಿ ಎಣಿಸುವುದರಿಂದ ಹುಟ್ಟಿದ ದುಂಡು ಸಂಖ್ಯೆ; ವಾತಾವರಣಕ್ಕೆ ಆ ತಿಂಗಳು ವಿಶೇಷವಾದದ್ದೇನೂ ಅಲ್ಲ. ಕಾಲದ ಗತಿಯನ್ನು ಒಮ್ಮೆ ಹಿಗ್ಗಿಸಿ ಒಮ್ಮೆ ಕುಗ್ಗಿಸಿದರೆ, ಏರಿಕೆಯ ವೇಗ ನಿಜಕ್ಕೂ ಹೆಚ್ಚಿದೆಯೇ ಇಲ್ಲವೇ ಎಂಬುದನ್ನು ನೋಡುವವರು ತಾವೇ ಕಂಡುಕೊಳ್ಳುವ ಅವಕಾಶ ತಪ್ಪುತ್ತದೆ. ಗತಿ ಒಂದೇ ಸಮನಾಗಿದ್ದರೆ, ಮೊದಲ ಹತ್ತು ಸೆಕೆಂಡಿಗಿಂತ ಕೊನೆಯ ಹತ್ತು ಸೆಕೆಂಡಿನಲ್ಲಿ ಗೆರೆ ಕಡಿದಾಗಿ ಏರುವುದು ಯಾರೂ ಹೇಳದೆಯೇ ಕಾಣುತ್ತದೆ. ಚಲನೆ ನುಣುಪಾಗಲಿ ಎಂದು ಎರಡು ತಿಂಗಳ ನಡುವೆ ಲೆಕ್ಕಹಾಕಿದ ಮಧ್ಯಂತರ ಫ್ರೇಮ್‌ಗಳನ್ನು ತುಂಬುವುದನ್ನೂ ನಾನು ಇದೇ ಕಾರಣಕ್ಕೆ ಬಿಟ್ಟಿದ್ದೇನೆ. ಒಂದು ಫ್ರೇಮ್ ಎಂದರೆ ಅಳೆದ ಒಂದು ತಿಂಗಳು.

ಅಳೆಯದ ತಿಂಗಳುಗಳ ಕತೆ ಏನು? ಸ್ಕ್ರಿಪ್ಸ್‌ನ ಕಡತದಲ್ಲಿ ಅಳತೆ ಇಲ್ಲದ ಜಾಗದಲ್ಲಿ -99.99 ಎಂದು ಬರೆದಿರುತ್ತದೆ. ಆರಂಭದ ವರ್ಷವಾದ 1958ರ ಜೂನ್, ಅಕ್ಟೋಬರ್ ಹೀಗೆ ಖಾಲಿ ಇವೆ. ಹಣದ ಕೊರತೆಯಿಂದ ಅಳತೆ ನಿಂತುಹೋದ 1964ರ ವಸಂತದ ತಿಂಗಳುಗಳೂ ಖಾಲಿ. 2022ರ ನವೆಂಬರ್ ಕೊನೆಯಲ್ಲಿ ಮೌನಾ ಲೋವಾ ಜ್ವಾಲಾಮುಖಿ ಸ್ಫೋಟಿಸಿ, ಲಾವಾ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ಕಡಿದುಹಾಕಿದಾಗ ಅಳತೆಯನ್ನು ಕೆಲಕಾಲ ಪಕ್ಕದ ಮೌನಾ ಕೇಯಾ ಪರ್ವತಕ್ಕೆ ಸಾಗಿಸಬೇಕಾಯಿತು. ಖಾಲಿ ಜಾಗದ ಗುರುತನ್ನು ನಿಜವಾದ ಅಂಕಿಯೆಂದು ತಿಳಿದ ಪ್ರೋಗ್ರಾಮ್ ಗೆರೆಯನ್ನು ಪಾತಾಳಕ್ಕೆ ಬೀಳಿಸಿ ಮೇಲೆಳೆಯುತ್ತದೆ. ಆದ್ದರಿಂದ ಕಡತವನ್ನು ಓದುವಾಗಲೇ ಆ ಗುರುತನ್ನು 'ಸಂಖ್ಯೆಯಲ್ಲ' ಎಂಬ ವಿಶೇಷ ಬೆಲೆಗೆ ಬದಲಿಸಬೇಕು. ಆಗ ಗೆರೆ ಅಲ್ಲಿ ತುಂಡಾಗಿ, ಅಳತೆ ಸಿಕ್ಕ ಮೇಲೆ ಮುಂದುವರಿಯುತ್ತದೆ. ಆ ತಿಂಗಳುಗಳ ಫ್ರೇಮ್‌ಗಳನ್ನು ಮಾತ್ರ ಕಿತ್ತುಹಾಕಬಾರದು. 1964ರಲ್ಲಿ ಗೆರೆ ಕ್ಷಣದ ಒಂದು ಪಾಲು ತಡೆದು ನಿಲ್ಲುತ್ತದೆ, ಮೂಲೆಯಲ್ಲಿನ ತಿಂಗಳ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಯಾರೂ ಅಳೆಯದಿದ್ದಾಗಲೂ ಕಾಲ ಸರಿದಿದೆ ಎಂಬುದು ಚಿತ್ರದಲ್ಲಿ ಉಳಿಯಬೇಕು.

ಇನ್ನು ಅಕ್ಷಗಳು. ಗ್ರಾಫ್ ಬಿಡಿಸುವ ಬಹುತೇಕ ಪ್ರೋಗ್ರಾಮ್‌ಗಳಿಗೆ ತಮ್ಮಷ್ಟಕ್ಕೆ ಬಿಟ್ಟರೆ ಒಂದು ಅಭ್ಯಾಸವಿದೆ: ಅಂಕಿಗಳು ಎಷ್ಟಿವೆಯೋ ಅಷ್ಟಕ್ಕೆ ಸರಿಯಾಗಿ ಅಕ್ಷವನ್ನು ಹಿಗ್ಗಿಸಿಕೊಳ್ಳುತ್ತವೆ. ನಿಂತ ಚಿತ್ರಕ್ಕೆ ಇದು ಅನುಕೂಲ, ಚಲಿಸುವ ಚಿತ್ರಕ್ಕೆ ಅಪಾಯ. ಹೊಸ ತಿಂಗಳು ಬಂದಾಗಲೆಲ್ಲ ಅಕ್ಷ ಹಿಗ್ಗಿದರೆ ಗೆರೆಯ ತುದಿ ಸದಾ ಬಲಮೇಲಿನ ಮೂಲೆಯಲ್ಲೇ ಇರುತ್ತದೆ. 1965ರ ಫ್ರೇಮೂ 2015ರ ಫ್ರೇಮೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಬೆಳೆದದ್ದೆಲ್ಲ ಅಕ್ಷದ ಮೇಲಿನ ಸಣ್ಣ ಅಂಕಿಗಳಲ್ಲಿ ಅಡಗಿಹೋಗುತ್ತದೆ. ಹಾಗಾಗಿ ಮೊದಲ ಫ್ರೇಮಿಗಿಂತ ಮುಂಚೆಯೇ ಎರಡೂ ಅಕ್ಷಗಳ ಮಿತಿಯನ್ನು ಕಟ್ಟಿಬಿಡಬೇಕು. ಅಡ್ಡಕ್ಕೆ 1958ರಿಂದ 2025. ಉದ್ದಕ್ಕೆ ನನ್ನ ಆಯ್ಕೆ 280ರಿಂದ 440. ಕೈಗಾರಿಕಾ ಯುಗಕ್ಕೆ ಮುಂಚೆ ಈ ಅನಿಲ ಸುಮಾರು 280ರಷ್ಟಿತ್ತು. ಚೌಕಟ್ಟಿನ ತಳವೇ ಆ ಹಳೆಯ ಮಟ್ಟವಾದರೆ, ಗೆರೆ ಶುರುವಾಗುವ ಹೊತ್ತಿಗಾಗಲೇ ನಾವು ನೆಲ ಬಿಟ್ಟು ಎದ್ದಿದ್ದೆವು ಎಂಬುದೂ ಚಿತ್ರದಲ್ಲಿ ಬರುತ್ತದೆ. ಆರಂಭದಲ್ಲಿ ಬಲಗಡೆಯ ದೊಡ್ಡ ಬಯಲು ಖಾಲಿ ಇರುತ್ತದೆ. ಅದು ಖಾಲಿಯಾಗಿಯೇ ಇರಲಿ. ಗೆರೆ ಎಲ್ಲಿಗೆ ಹೋಗಲಿದೆ ಎಂಬ ಕುತೂಹಲ ಹುಟ್ಟುವುದು ಆ ಬಯಲಿನಿಂದಲೇ.

ಕೋಡ್ ಬರೆಯಲು ಪೈಥಾನ್ ಭಾಷೆ ಮತ್ತು ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಗ್ರಂಥಾಲಯ ಸಾಕು. ಅಪಸ್ಮಾರ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ನೋಡಲು ಸಲಕರಣೆ ಬೇಕಾಗಿ ಜಾನ್ ಹಂಟರ್ ಎಂಬ ನರವಿಜ್ಞಾನಿ ಅದನ್ನು ಕಟ್ಟತೊಡಗಿದರು. 2003ರಲ್ಲಿ ಅದು ಎಲ್ಲರ ಕೈಗೆ ಬಂತು. 2012ರಲ್ಲಿ ಅವರು ತೀರಿಕೊಂಡರು. ಅಷ್ಟರಲ್ಲಿ ಅವರು ನೆಟ್ಟದ್ದು ವಿಜ್ಞಾನಿಗಳ ನಿತ್ಯದ ಉಪಕರಣವಾಗಿತ್ತು. ಆರ್ ಭಾಷೆಯವರಿಗೆ ಜಿಜಿಆನಿಮೇಟ್ ಇದೆ, ಅದೂ ಸೊಗಸಾದದ್ದೇ.

ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಲನೆಯ ಯಂತ್ರಕ್ಕೆ ಫಂಕ್‌ಆನಿಮೇಶನ್ ಎಂದು ಹೆಸರು. ಅದಕ್ಕೆ ನಾವು ಒಂದು ಪುಟ್ಟ ಫಂಕ್ಷನ್ ಬರೆದುಕೊಡುತ್ತೇವೆ. ಯಂತ್ರ ಪ್ರತಿ ಸಲ ಆ ಫಂಕ್ಷನ್ನನ್ನು ಕರೆದು ಒಂದು ಸಂಖ್ಯೆಯನ್ನು ಕೊಡುತ್ತದೆ: ಸೊನ್ನೆ, ಒಂದು, ಎರಡು, ಹೀಗೆ. ಫಂಕ್ಷನ್ ಮಾಡಬೇಕಾದದ್ದು ಇಷ್ಟೇ: ಮೊದಲ ಅಷ್ಟು ತಿಂಗಳುಗಳ ಅಂಕಿಗಳನ್ನು ಗೆರೆಗೆ ತೊಡಿಸಬೇಕು, ಮೂಲೆಯ ತಿಂಗಳು-ವರ್ಷದ ಬರಹವನ್ನು ಬದಲಿಸಬೇಕು. ಹೊಸಬರು ಇಲ್ಲಿ ಪ್ರತಿ ಸಲವೂ ಗ್ರಾಫನ್ನೆಲ್ಲ ಒರೆಸಿ ಹೊಸದಾಗಿ ಬಿಡಿಸುವುದುಂಟು. ಆಗ ಅಕ್ಷ, ಶೀರ್ಷಿಕೆ, ಬಣ್ಣ ಎಲ್ಲವನ್ನೂ ಮತ್ತೆ ಹೇಳಬೇಕು; ಒಂದನ್ನು ಮರೆತರೂ ಚಿತ್ರ ಕುಣಿಯುತ್ತದೆ. ಗೆರೆಯನ್ನು ಒಮ್ಮೆ ಸೃಷ್ಟಿಸಿ, ಅದರ ಅಂಕಿಗಳನ್ನು ಮಾತ್ರ ಬದಲಿಸುತ್ತ ಹೋಗುವುದೇ ಸರಿಯಾದ ದಾರಿ. ಯಂತ್ರವನ್ನು ಒಂದು ಹೆಸರಿಗೆ ಕಟ್ಟಿಡುವುದನ್ನೂ ಮರೆಯಬಾರದು. ಹೆಸರಿಲ್ಲದ ವಸ್ತುವನ್ನು ಪೈಥಾನ್ ಬೇಡದ್ದೆಂದು ತಿಳಿದು ಗುಡಿಸಿಹಾಕುತ್ತದೆ, ಚಿತ್ರ ಶುರುವಾಗುವ ಮುಂಚೆಯೇ ಮುಗಿದಿರುತ್ತದೆ.

ಮೂಲೆಯ ಬರಹದಲ್ಲೂ ಒಂದು ಸೂಕ್ಷ್ಮವಿದೆ. ಕೆಲವು ಅಕ್ಷರಶೈಲಿಗಳಲ್ಲಿ 1ರ ಅಗಲ 8ರ ಅಗಲಕ್ಕಿಂತ ಕಡಿಮೆ. ಬರಹವನ್ನು ನಡುವಿಗೆ ಜೋಡಿಸಿದರೆ ಅಂಕಿ ಬದಲಾದಾಗಲೆಲ್ಲ ಇಡೀ ಸಾಲು ಎಡಬಲಕ್ಕೆ ನಡುಗುತ್ತದೆ. ಎಲ್ಲ ಅಂಕಿಗಳಿಗೂ ಒಂದೇ ಅಗಲವಿರುವ ಅಕ್ಷರಶೈಲಿಯನ್ನು ಆರಿಸಿ ಎಡಕ್ಕೆ ಜೋಡಿಸಿದರೆ ಆ ನಡುಕ ನಿಲ್ಲುತ್ತದೆ. ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಕಣ್ಣಿಗೆ ಮಾತ್ರ ಹಿತವಾಗಿರುತ್ತದೆ.

ಫ್ರೇಮ್‌ಗಳು ತಯಾರಾದವು. ಈಗ ಅವನ್ನು ಚಲನಚಿತ್ರವಾಗಿ ಹೊಲಿಯುವ ಕೆಲಸ. ಅದನ್ನು ಮಾಡುವುದು ಎಫ್‌ಎಫ್‌ಎಂಪೆಗ್. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ ಇವತ್ತು ಜಗತ್ತಿನ ಲೆಕ್ಕವಿಲ್ಲದಷ್ಟು ವಿಡಿಯೊಗಳ ಬೆನ್ನ ಹಿಂದಿದೆ. ಮ್ಯಾಟ್‌ಪ್ಲಾಟ್‌ಲಿಬ್ ಒಂದೊಂದೇ ಫ್ರೇಮನ್ನು ಬಿಡಿಸಿ, ಹಸಿ ಪಿಕ್ಸೆಲ್‌ಗಳ ರೂಪದಲ್ಲಿ, ಡಿಸ್ಕಿನ ಮೇಲೆ ಕಡತವಾಗಿ ಇಳಿಸದೆಯೇ ಎಫ್‌ಎಫ್‌ಎಂಪೆಗ್‌ಗೆ ದಾಟಿಸುತ್ತದೆ. ಚಿತ್ರದ ಅಳತೆ 8 ಇಂಚು ಅಗಲ, 4.5 ಇಂಚು ಎತ್ತರ, ಇಂಚಿಗೆ 160 ಪಿಕ್ಸೆಲ್ ಎಂದಾದರೆ ಫ್ರೇಮ್ 1280 ಗುಣಿಸು 720 ಆಗುತ್ತದೆ. ಪಿಕ್ಸೆಲ್‌ಗೆ ನಾಲ್ಕು ಬೈಟ್‌ನಂತೆ ಒಂದು ಫ್ರೇಮಿಗೆ 36 ಲಕ್ಷ 86 ಸಾವಿರದ 400 ಬೈಟ್. 802 ಫ್ರೇಮ್‌ಗಳಿಗೆ ಸುಮಾರು 3 ಜಿಬಿ. ಹೊರಬರುವ ವಿಡಿಯೊ ಮಾತ್ರ ಕೆಲವೇ ಎಂಬಿ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಈ ಕಸುಬಿನಲ್ಲಿ ನಾನು ಅತ್ಯಂತ ಮೆಚ್ಚುವ ಭಾಗ ಇದು. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಸಂಕೋಚನ ಕ್ರಮ ಫ್ರೇಮನ್ನು 16 ಗುಣಿಸು 16 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತದೆ. ನಮ್ಮ ಫ್ರೇಮಿನಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 45, ಒಟ್ಟು 3,600 ಚೌಕ. ಮೊದಲ ಫ್ರೇಮನ್ನು ಅದು ಪೂರ್ತಿಯಾಗಿ ಬರೆದುಕೊಳ್ಳುತ್ತದೆ. ಎರಡನೆಯದಕ್ಕೆ ಬಂದಾಗ ಪ್ರತಿ ಚೌಕವನ್ನೂ ಹಿಂದಿನ ಫ್ರೇಮಿನ ಜೊತೆ ಹೋಲಿಸುತ್ತದೆ. ಬದಲಾಗಿಲ್ಲದಿದ್ದರೆ 'ಇದನ್ನು ದಾಟು' ಎಂಬ ಸಣ್ಣದೊಂದು ಗುರುತು ಸಾಕು. ನಮ್ಮ ಗ್ರಾಫಿನ ಅಂಕಣ ಸುಮಾರು 1,100 ಪಿಕ್ಸೆಲ್ ಅಗಲವಿದೆ ಎನ್ನಿ. 67 ವರ್ಷ ಅದರಲ್ಲಿ ಹರಡಿದಾಗ ವರ್ಷಕ್ಕೆ 16 ಪಿಕ್ಸೆಲ್. ತಿಂಗಳಿಗೆ ಗೆರೆ ಮುಂದೆ ಸರಿಯುವುದು ಒಂದೂವರೆ ಪಿಕ್ಸೆಲ್‌ಗಿಂತ ಕಡಿಮೆ. ಅಂದರೆ 3,600 ಚೌಕಗಳಲ್ಲಿ ಗೆರೆಯ ತುದಿಯಿರುವ ಒಂದೋ ಎರಡೋ ಚೌಕ, ಮೂಲೆಯ ಬರಹವಿರುವ ಕೆಲವು ಚೌಕ, ಇಷ್ಟೇ ನಿಜವಾಗಿ ಬದಲಾಗುವುದು. ಮಿಕ್ಕ ಸಾವಿರಾರು ಚೌಕಗಳಿಗೆ ಹೆಚ್ಚುಕಡಿಮೆ ಖರ್ಚೇ ಇಲ್ಲ.

ಅಕ್ಷವನ್ನು ಹಿಗ್ಗಲು ಬಿಟ್ಟಿದ್ದರೆ? ಪ್ರತಿ ಫ್ರೇಮಿನಲ್ಲೂ ಇಡೀ ಗೆರೆ ಕುಗ್ಗಿ ಸರಿಯುತ್ತಿತ್ತು, ಅಕ್ಷದ ಅಂಕಿಗಳು ಜಾರುತ್ತಿದ್ದವು, ನೂರಾರು ಚೌಕಗಳನ್ನು ಹೊಸದಾಗಿ ಬರೆಯಬೇಕಾಗುತ್ತಿತ್ತು. ಕಡತ ಊದುತ್ತಿತ್ತು, ಅಥವಾ ಅಕ್ಷರಗಳ ಅಂಚು ಮಸುಕಾಗುತ್ತಿತ್ತು. ನೋಡುವವರ ಕಣ್ಣಿಗಾಗಿ ನಾವು ಮಾಡಿದ ನಿರ್ಧಾರವೇ ಸಂಕೋಚನ ಯಂತ್ರಕ್ಕೂ ಬೇಕಾದ ನಿರ್ಧಾರವಾಗಿತ್ತು! ಸ್ಥಿರವಾದದ್ದನ್ನು ಸ್ಥಿರವಾಗಿ ಬಿಟ್ಟವರಿಗೆ ಕಡತ ಚಿಕ್ಕದಾಗಿ, ಚಿತ್ರ ಚೊಕ್ಕವಾಗಿ ಸಿಗುತ್ತದೆ. ಹಿನ್ನೆಲೆಗೆ ಬಣ್ಣದ ಇಳುಕಲು ಹಾಕದೆ ಒಂದೇ ಬಣ್ಣ ಬಳಿಯುವುದು, ಗೆರೆಗೆ ಹೊಳೆಯುವ ಬಾಲ ಅಂಟಿಸದಿರುವುದು, ಇವೂ ಇದೇ ಲೆಕ್ಕಕ್ಕೆ ಬರುತ್ತವೆ.

ಬಣ್ಣದ ವಿಚಾರಕ್ಕೆ ಬಂದರೆ ಬ್ರೌಸರ್‌ಗಳ ಪಟ್ಟು ಒಂದಿದೆ. ಎಲ್ಲ ಕಡೆ ಓಡಬೇಕಾದರೆ ವಿಡಿಯೊದ ಪಿಕ್ಸೆಲ್ ವಿನ್ಯಾಸ ವೈಯುವಿ420ಪಿ ಇರಬೇಕು. ಮನುಷ್ಯನ ಕಣ್ಣು ಬೆಳಕು-ನೆರಳಿನ ಭೇದವನ್ನು ಚುರುಕಾಗಿ ಹಿಡಿಯುತ್ತದೆ, ಬಣ್ಣದ ಭೇದವನ್ನು ಅಷ್ಟು ಚುರುಕಾಗಿ ಹಿಡಿಯುವುದಿಲ್ಲ. ಅದನ್ನು ನಂಬಿ ಈ ವಿನ್ಯಾಸ ಪ್ರತಿ ಪಿಕ್ಸೆಲ್‌ಗೂ ಬೆಳಕಿನ ಅಳತೆಯನ್ನು ಇಡುತ್ತದೆ, ಬಣ್ಣವನ್ನು ಮಾತ್ರ ಎರಡು ಗುಣಿಸು ಎರಡರ ನಾಲ್ಕು ಪಿಕ್ಸೆಲ್‌ಗಳಿಗೆ ಸೇರಿಸಿ ಒಂದೇ ಸಲ ಬರೆಯುತ್ತದೆ. ಛಾಯಾಚಿತ್ರದಂಥ ದೃಶ್ಯಗಳಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಗ್ರಾಫಿನ ಸಪೂರ ಗೆರೆಯಲ್ಲಿ ತಿಳಿಯುತ್ತದೆ. ಕಡುನೀಲಿ ಹಿನ್ನೆಲೆಯ ಮೇಲೆ ಒಂದು ಪಿಕ್ಸೆಲ್ ದಪ್ಪದ ಕಡುಗೆಂಪು ಗೆರೆ ಎಳೆದರೆ ಎರಡರ ಬೆಳಕಿನ ಮಟ್ಟವೂ ಹತ್ತಿರ ಹತ್ತಿರ. ಬಣ್ಣ ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಸೋರಿ ಗೆರೆ ಕೊಳೆಯಾದಂತೆ ಕಾಣುತ್ತದೆ. ಮಾಸಲು ಬಿಳಿಯ ಮೇಲೆ ಗಾಢವಾದ ಗೆರೆ, ಮೂರು ಪಿಕ್ಸೆಲ್‌ನಷ್ಟು ದಪ್ಪ: ನನ್ನ ಆಯ್ಕೆ ಇದು. ಮೇ-ಸೆಪ್ಟೆಂಬರ್ ನಡುವಿನ ಇಳಿತ ಆರರಷ್ಟಿದ್ದು ನಮ್ಮ ಅಂಕಣದಲ್ಲಿ ಸುಮಾರು 20 ಪಿಕ್ಸೆಲ್ ಎತ್ತರ ಪಡೆಯುತ್ತದೆ. ಮೂರು ಪಿಕ್ಸೆಲ್ ಗೆರೆಯಲ್ಲಿ ಆ ಹಲ್ಲುಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಎರಡೆರಡು ಪಿಕ್ಸೆಲ್‌ಗಳ ಈ ಜೋಡಣೆಯಿಂದಲೇ ಫ್ರೇಮಿನ ಅಗಲ, ಎತ್ತರ ಎರಡೂ ಸಮಸಂಖ್ಯೆಯಾಗಿರಬೇಕೆಂಬ ನಿಯಮ ಬಂದದ್ದು. 7.5 ಇಂಚು ಅಗಲವನ್ನು ಇಂಚಿಗೆ 150ರಂತೆ ಬಿಡಿಸಿದರೆ 1,125 ಆಗುತ್ತದೆ. ಬಿಡಿ ಚಿತ್ರಗಳಾಗಿ ಉಳಿಸಿ ಎಫ್‌ಎಫ್‌ಎಂಪೆಗ್‌ಗೆ ಕೈಯಾರೆ ಕೊಟ್ಟವರಿಗೆ ಆಗ 'ಎರಡರಿಂದ ಭಾಗವಾಗದು' ಎಂಬ ತಕರಾರು ಎದುರಾಗುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್‌ನ ಮೂಲಕವೇ ಹೋದರೆ ಅದು ಅಳತೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೂ ಅಳತೆಯನ್ನು ನಾವೇ ತಿಳಿದು ಇಡುವುದು ಮೇಲು.

ಗುಣಮಟ್ಟಕ್ಕೆ ಸಿಆರ್‌ಎಫ್ ಎಂಬ ಒಂದು ಸಂಖ್ಯೆ ಇದೆ. 0ಯಿಂದ 51ರವರೆಗೆ ಹೋಗುತ್ತದೆ, ಕಡಿಮೆಯಾದಷ್ಟೂ ಚಿತ್ರ ಚೊಕ್ಕ, ಕಡತ ದೊಡ್ಡದು. ಏನೂ ಹೇಳದಿದ್ದರೆ ಸಾಮಾನ್ಯವಾಗಿ 23. ಅಕ್ಷರಗಳಿರುವ ಗ್ರಾಫಿಗೆ 18ರಿಂದ 20 ಒಳ್ಳೆಯದು. ಮುಕ್ಕಾಲುಪಾಲು ಫ್ರೇಮ್ ನಿಂತೇ ಇರುವುದರಿಂದ ಈ ಉದಾರತೆಗೆ ನಾವು ತೆರುವ ಬೆಲೆ ಅಲ್ಪ.

ಇನ್ನೊಂದು ಪುಟ್ಟ ಸೂಚನೆಯನ್ನು ನಾನು ಎಂದೂ ಬಿಡುವುದಿಲ್ಲ. ಎಂಪಿ4 ಕಡತದೊಳಗೆ ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯೊಂದಿರುತ್ತದೆ. ಎಲ್ಲ ಫ್ರೇಮ್‌ಗಳನ್ನು ಬರೆದು ಮುಗಿಸಿದ ಮೇಲಷ್ಟೇ ಈ ಪಟ್ಟಿ ಸಿದ್ಧವಾಗುವುದರಿಂದ ಎಫ್‌ಎಫ್‌ಎಂಪೆಗ್ ಅದನ್ನು ಕಡತದ ಬಾಲದಲ್ಲಿ ಇಡುತ್ತದೆ. ಪರಿವಿಡಿಯನ್ನು ಕೊನೆಯ ಹಾಳೆಯಲ್ಲಿ ಮುದ್ರಿಸಿದ ಪುಸ್ತಕದಂತೆ ಅದು. ಅಂಗಡಿಯಲ್ಲಿ ಕೈಗೆತ್ತಿಕೊಂಡವರಿಗೆ ತೊಂದರೆಯಿಲ್ಲ, ಅಂಚೆಯಲ್ಲಿ ಹಾಳೆ ಹಾಳೆಯಾಗಿ ತರಿಸಿಕೊಳ್ಳುವವರಿಗೆ ತೊಂದರೆ. 'ಫಾಸ್ಟ್‌ಸ್ಟಾರ್ಟ್' ಎಂಬ ಸೂಚನೆ ಕೊಟ್ಟರೆ ಎಫ್‌ಎಫ್‌ಎಂಪೆಗ್ ಕೊನೆಯಲ್ಲಿ ಇನ್ನೊಂದು ಸುತ್ತು ಬಂದು ಪಟ್ಟಿಯನ್ನು ಮುಂದಕ್ಕೆ ತಂದಿಡುತ್ತದೆ. ಚಿತ್ರದ ಒಂದು ಪಿಕ್ಸೆಲ್ಲೂ ಬದಲಾಗುವುದಿಲ್ಲ. ನೆಟ್‌ವರ್ಕ್ ಮಂದವಾಗಿರುವ ಊರಿನಲ್ಲಿ ಕೂತು ನೋಡುವವರಿಗೆ ಮಾತ್ರ ಪೂರ್ತಿ ಇಳಿಯುವ ಮುಂಚೆಯೇ ಗೆರೆ ಓಡತೊಡಗುತ್ತದೆ.

ಇಷ್ಟೆಲ್ಲ ಯಾಕೆ, ಜಿಫ್ ಮಾಡಿದರೆ ಸಾಲದೇ ಎನ್ನುವವರಿದ್ದಾರೆ. 1987ರಲ್ಲಿ ಬಂದ ಜಿಫ್‌ಗೆ ನನ್ನ ಗೌರವ ಇದ್ದೇ ಇದೆ, ಎಲ್ಲಿ ಇಟ್ಟರೂ ಓಡುತ್ತದೆ. ಆದರೆ ಫ್ರೇಮಿಗೆ 256 ಬಣ್ಣಗಳಿಗಿಂತ ಹೆಚ್ಚಿಲ್ಲ, ಗೆರೆಯ ಅಂಚಿನ ನಯ ಹೋಗಬಹುದು. ಫ್ರೇಮ್‌ಗಳ ಅಂತರವನ್ನು ಅದು ಸೆಕೆಂಡಿನ ನೂರನೇ ಒಂದು ಪಾಲಿನ ಪೂರ್ಣ ಸಂಖ್ಯೆಗಳಲ್ಲಿ ಅಳೆಯುವುದರಿಂದ ಸೆಕೆಂಡಿಗೆ ಸರಿಯಾಗಿ 30 ಫ್ರೇಮ್ ಸಾಧ್ಯವೇ ಇಲ್ಲ. 25 ಆಗುತ್ತದೆ, ಇಲ್ಲವೇ 33ರ ಆಸುಪಾಸು. ಎಲ್ಲಕ್ಕಿಂತ ಹೆಚ್ಚಾಗಿ, ಬ್ರೌಸರ್‌ನಲ್ಲಿ ಜಿಫನ್ನು ನಿಲ್ಲಿಸಲು ನೋಡುವವರ ಕೈಗೆ ಗುಂಡಿ ಸಿಗುವುದಿಲ್ಲ.

ನಿಲ್ಲಿಸುವುದು ಮುಖ್ಯ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದ ಮೇಲೆ ಒಂದೆರಡು ವರ್ಷ ಈ ಅನಿಲದ ಏರಿಕೆ ಮಂದವಾಗಿತ್ತು. ಅದನ್ನು ತಿಳಿದವರು ಅಲ್ಲಿ ತಡೆದು ನೋಡಬಯಸುತ್ತಾರೆ. ಆದ್ದರಿಂದ ಪುಟದಲ್ಲಿ ವಿಡಿಯೊ ಇಡುವಾಗ ನಿಯಂತ್ರಣ ಗುಂಡಿಗಳು ಕಾಣುವಂತಿರಲಿ. ಹಿಂದೆಮುಂದೆ ಜಾರಿಸಿದಾಗ ಬ್ರೌಸರ್, ಮೊದಲ ಫ್ರೇಮಿನಂತೆ ನಡುನಡುವೆ ಪೂರ್ತಿಯಾಗಿ ಬರೆದಿಟ್ಟ ಹತ್ತಿರದ ಪೂರ್ಣ ಫ್ರೇಮಿಗೆ ಹೋಗಿ ಅಲ್ಲಿಂದ ಲೆಕ್ಕ ಹಾಕಿಕೊಂಡು ಬರಬೇಕು. ರೂಢಿಯಂತೆ ಬಿಟ್ಟರೆ ಎರಡು ಪೂರ್ಣ ಫ್ರೇಮ್‌ಗಳ ನಡುವೆ 250 ಫ್ರೇಮ್‌ವರೆಗೂ ಅಂತರವಿರಬಹುದು, ನಮ್ಮ ಚಿತ್ರದಲ್ಲಿ ಅದು ಇಪ್ಪತ್ತು ವರ್ಷಕ್ಕೂ ಮಿಗಿಲು. ನಾನು 60ಕ್ಕೆ ಇಳಿಸುತ್ತೇನೆ: ಐದು ವರ್ಷಕ್ಕೊಮ್ಮೆ ಒಂದು ಪೂರ್ಣ ಫ್ರೇಮ್. ಕಡತ ಕೊಂಚ ಹಿಗ್ಗುತ್ತದೆ, ಬೆರಳಿಗೆ ಗೆರೆ ಚೆನ್ನಾಗಿ ಓಗೊಡುತ್ತದೆ. ತಾನಾಗಿ ಓಡಬೇಕೆಂದರೆ ಧ್ವನಿ ಮೌನವಾಗಿದೆ ಎಂದೂ, ಪುಟದೊಳಗೇ ಓಡಲಿ ಎಂದೂ ಗುರುತು ಹಾಕಬೇಕು. ಇಲ್ಲದಿದ್ದರೆ ಐಫೋನ್‌ಗಳಲ್ಲಿ ಅದು ಸುಮ್ಮನೆ ಕೂತಿರುತ್ತದೆ. ಚಲನೆಯಿಂದ ತಲೆ ಸುತ್ತುವವರು ತಮ್ಮ ಸಾಧನದಲ್ಲಿ ಹಾಗೆಂದು ಹೇಳಿಟ್ಟಿದ್ದರೆ ಪುಟ ಅದನ್ನು ಕೇಳಿ ತಿಳಿದು ವಿಡಿಯೊವನ್ನು ನಿಲ್ಲಿಸಿಡಬಹುದು. ಓಡುವ ಮುಂಚೆ ಕಾಣುವ ಮುಖಚಿತ್ರವಾಗಿ ಕೊನೆಯ ಫ್ರೇಮನ್ನೇ ಇಟ್ಟರೆ, ಆಡಿಸದೇ ಹೋದವರಿಗೂ ಇಡೀ ಗ್ರಾಫ್ ಸಿಕ್ಕಿರುತ್ತದೆ.

ಕನ್ನಡದಲ್ಲಿ ಈ ಕೆಲಸ ಮಾಡುವವರಿಗೆ ಎದುರಾಗುವ ಒಂದು ಕಷ್ಟವನ್ನು ಹೇಳಲೇಬೇಕು. ಬಹುಕಾಲದಿಂದ ಬಳಕೆಯಲ್ಲಿರುವ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗಳು ಅಕ್ಷರಗಳನ್ನು ಕಡತದಲ್ಲಿರುವ ಕ್ರಮದಲ್ಲೇ ಒಂದರ ಪಕ್ಕ ಒಂದು ಇಟ್ಟುಬಿಡುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ಅಕ್ಷದ ಕೆಳಗೆ 'ವರ್ಷ' ಎಂದು ಬರೆದರೆ ರ-ಕಾರವು ಷ-ಕಾರದ ಮುಂದೆ ಅರ್ಕಾವತ್ತಾಗಿ ಕೂರುವುದಿಲ್ಲ. ವ, ರ, ಒಂದು ತುಂಡು ಹಲಂತ, ಷ ಎಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. 'ಡೈಆಕ್ಸೈಡ್' ಎಂಬಲ್ಲಿ ಸ-ಕಾರ ಕ-ಕಾರದ ಕೆಳಗೆ ಒತ್ತಾಗುವುದಿಲ್ಲ, ಐತ್ವ ಎಲ್ಲೋ ತೇಲುತ್ತದೆ. ಕನ್ನಡ ಲಿಪಿಯಿಲ್ಲದ ಅಕ್ಷರಶೈಲಿಯಾದರೆ ಬರೀ ಖಾಲಿ ಡಬ್ಬಿಗಳು. ದಾರಿಗಳಿವೆ. ಪಿಲ್ಲೊ ಎಂಬ ಚಿತ್ರಗ್ರಂಥಾಲಯ ರಾಖಮ್ ಎಂಬ ಜೋಡಣೆಯಂತ್ರದ ನೆರವಿನಿಂದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಶೀರ್ಷಿಕೆ, ಅಕ್ಷದ ಹೆಸರುಗಳನ್ನು ಅದರಲ್ಲಿ ಪಾರದರ್ಶಕ ಚಿತ್ರವಾಗಿ ಬರೆಸಿ ಗ್ರಾಫಿನ ಮೇಲೆ ಒಮ್ಮೆ ಅಂಟಿಸಿದರಾಯಿತು, ಅವು ಹೇಗೂ ಅಲುಗುವಂಥವಲ್ಲ. ಪುಟದಲ್ಲೇ ತೋರಿಸುವುದಾದರೆ ಶೀರ್ಷಿಕೆಯನ್ನು ವಿಡಿಯೊದ ಮೇಲುಗಡೆ ಮಾಮೂಲಿ ಪಠ್ಯವಾಗಿ ಬರೆಯಬಹುದು. ಬ್ರೌಸರ್‌ಗೆ ಕನ್ನಡ ಚೆನ್ನಾಗಿ ಬರುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ವರ್ಷದ ಮಟ್ಟಿಗೆ ತೊಡಕಿಲ್ಲ. ಕನ್ನಡ ಅಂಕಿಗಳಿಗೆ ಒತ್ತಿಲ್ಲ, ಕಾಗುಣಿತವಿಲ್ಲ. ನೋಟೊ ಸ್ಯಾನ್ಸ್ ಕನ್ನಡದಂಥ ಅಕ್ಷರಶೈಲಿಯನ್ನು ಹೆಸರಿಸಿದರೆ ೧೯೫೮ ಎಂಬುದು ಹಳೆಯ ಆವೃತ್ತಿಯಲ್ಲೂ ಸರಿಯಾಗಿಯೇ ಮೂಡುತ್ತದೆ.

ಕೋಡ್‌ನಿಂದ ಮಾಡಿದ ಚಿತ್ರದ ಸುಖ ತಿಳಿಯುವುದು ಮುಂದಿನ ತಿಂಗಳು. ಹೊಸ ಸರಾಸರಿ ಪ್ರಕಟವಾದಾಗ ಕಡತವನ್ನು ಮತ್ತೆ ಇಳಿಸಿಕೊಂಡು ಅದೇ ಪ್ರೋಗ್ರಾಮನ್ನು ಓಡಿಸಿದರೆ 803 ಫ್ರೇಮಿನ ಚಿತ್ರ ಸಿದ್ಧ. ಬಣ್ಣ, ಗತಿ, ಚೌಕಟ್ಟು ಎಲ್ಲ ಹಾಗೇ ಇರುತ್ತವೆ. ಯಾರಾದರೂ ಅಂಕಿಯೊಂದನ್ನು ಪ್ರಶ್ನಿಸಿದರೆ ಆ ಫ್ರೇಮ್ ಎಲ್ಲಿಂದ ಬಂತೆಂದು ಸಾಲು ಸಾಲಾಗಿ ತೋರಿಸಬಹುದು.

ಒಮ್ಮೆ ಹೊರಬಿದ್ದ ವಿಡಿಯೊ ತನ್ನ ಪುಟದಲ್ಲೇ ಉಳಿಯುವುದಿಲ್ಲ. ಯಾರೋ ಇಳಿಸಿಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಅಲ್ಲಿಂದ ಇನ್ನೊಂದು ಗುಂಪಿಗೆ. ಪ್ರತಿ ದಾಟಿನಲ್ಲೂ ಅದು ಮತ್ತೆ ಕುಗ್ಗಬಹುದು. ಕೆಳಗೆ ಬರೆದಿದ್ದ ವಿವರಣೆ, ಮೂಲದ ಕೊಂಡಿ, ಎಲ್ಲ ಹಿಂದೆ ಉಳಿಯುತ್ತವೆ. ಹಾಗಾಗಿ ಫ್ರೇಮಿನ ಕೆಳಗಿನ ಎಡಮೂಲೆಯಲ್ಲಿ, ಸಣ್ಣ ಫೋನಿನಲ್ಲೂ ಓದಲಾಗುವಷ್ಟು ದೊಡ್ಡ ಅಕ್ಷರದಲ್ಲಿ ಒಂದು ಸಾಲು ಇರಲೇಬೇಕು: ಅಳತೆ ಮೌನಾ ಲೋವಾದ್ದು, ಅಂಕಿಗಳು ಸ್ಕ್ರಿಪ್ಸ್ ಸಂಸ್ಥೆಯವು, ಇಂಥ ತಿಂಗಳವರೆಗಿನವು, ಇಂಥ ದಿನ ಇಳಿಸಿಕೊಂಡವು.